ಮೊಟ್ಟೆಗೆ ಕಾದ ಚಳಿಗಾಲ

ಆ ದಿನ ಬೆಳಿಗ್ಗೆಯೂ ಎಂದಿನ ಹಾಗೆಯೇ ಎದ್ದೆ. ನಮ್ಮವರಿಗೆ ಮೀನಾ ಅಬ್ದುಲ್ಲಾದ ತೈಲ ಕಾರ್ಖಾನೆಗೆ ಹೋಗುವ ಕಂಪೆನಿ ಬಸ್ಸು ಇನ್ನೂ ಕತ್ತಲಿರುವಾಗಲೇ ಬೀದಿಯ ಮೂಲೆಗೆ ಬಂದು ನಿಲ್ಲುತ್ತಿತ್ತು. ಡಬ್ಬಿಗೆ ಚಪಾತಿ, ಬೀನ್ಸ್ ಪಲ್ಯ ತುಂಬಿಸಿ, ಫ್ಲಾಸ್ಕಿನ ಮುಚ್ಚಳ ಸರಿಯಾಗಿ ತಿರುಗಿದೆಯೇ ಎಂದು ಇನ್ನೊಮ್ಮೆ ನೋಡಿ ಕಳಿಸಿದೆ. ಮಗಳು ಅನೀಶಾಳ ಯೂನಿಫಾರ್ಮಿಗೆ ಇಸ್ತ್ರಿ ಹಾಕಿದೆ. ಅವಳು ಇನ್ನೂ ಮಲಗಿದ್ದಳು. ಗೋಧಿ ತೌಡಿಗೆ ಬಿಸಿನೀರು ಹೊಯ್ದು, ಹಿಂದಿನ ದಿನದ ಅನ್ನ ಸ್ವಲ್ಪ ಬೆರೆಸಿ, ಕೈಯಿಂದಲೇ ಕಲಸಿಕೊಂಡು ಅಡುಗೆಮನೆಯ ಹಿಂಬಾಗಿಲು ತೆರೆದೆ. ಅಂಗಳದ ಸಿಮೆಂಟು ಇಬ್ಬನಿಗೆ ಒದ್ದೆಯಾಗಿತ್ತು. ಗೂಡಿನೆದುರು ಬಗ್ಗಿ, ಹುಲ್ಲಿನೊಳಗೆ ಕೈ ಆಡಿಸಿದೆ. ಒಂದು ಮೊಟ್ಟೆ ಸಿಕ್ಕಿತು. ಈಸ್ಟರಿಗೆಂದು ಯಾವಾಗಲೋ ಕೊಂಡಿದ್ದ ಪ್ಲಾಸ್ಟಿಕ್ ಮೊಟ್ಟೆ. ಕೋಳಿಗಳಿಗೆ ಇಡುವ ಜಾಗ ಇದು ಎಂದು ಗೊತ್ತಾಗಲಿ ಅಂತ ನಾನೇ ಇಟ್ಟದ್ದು. ಪ್ರತಿ ಬೆಳಿಗ್ಗೆ ಅದು ಬೆರಳಿಗೆ ತಾಗಿದಾಗ ಒಂದು ಕ್ಷಣ ಎದೆ ಹಾರುತ್ತಿತ್ತು. ಮರುಕ್ಷಣವೇ, ಇದು ಹಗುರ, ಇದು ತಣ್ಣಗಿದೆ ಎಂದು ಕೈಗೇ ಗೊತ್ತಾಗುತ್ತಿತ್ತು.

ಈಗ ನಾವು ಹವಲ್ಲಿಯಲ್ಲಿ ಮೂರನೆಯ ಮಹಡಿಯಲ್ಲಿದ್ದೇವೆ. ಅಂಗಳವೂ ಇಲ್ಲ, ಹಿಂಬಾಗಿಲೂ ಇಲ್ಲ. ಕೆಳಗೆ ಮೊಬೈಲ್ ಅಂಗಡಿಗಳ ನಡುವೆ ಹೊಸದಾಗಿ ಒಂದು ಬೇಕರಿ ಬಂದಿದೆ. ಅವರು ನಸುಕಿನಲ್ಲಿ ತೌಡಿನ ಬ್ರೆಡ್ಡಿಗೆ ಹಿಟ್ಟು ನೆನೆಸುವಾಗ ಆ ವಾಸನೆ ನಮ್ಮ ಅಡುಗೆಮನೆಯ ಕಿಟಕಿಗೆ ಏರಿ ಬರುತ್ತದೆ. ಸ್ವಲ್ಪ ಸಿಹಿ, ಸ್ವಲ್ಪ ಗೋಣಿಚೀಲದ್ದು. ಕಾಫಿ ಸೋಸುತ್ತಿದ್ದವಳು ಹಾಗೆಯೇ ನಿಂತುಬಿಡುತ್ತೇನೆ. ಮೊದಲು ಸಲ್ವಾದ ಆ ಅಂಗಳ ಕಣ್ಣಿಗೆ ಬರುತ್ತದೆ, ಅದರ ಬೆನ್ನಿಗೇ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಕೇಳಿದರೆ ಹೇಳುವುದು ಕಷ್ಟ.

ಸಲ್ವಾದಲ್ಲಿ ನಾವಿದ್ದದ್ದು ಒಂದು ದೊಡ್ಡ ವಿಲ್ಲಾದ ಹಿಂಬದಿಯಲ್ಲಿ. ಮುಂದಿನ ಮನೆ ಉಮ್ ಫಹದ್‌ದು, ಅಂದರೆ ಫಹದ್‌ನ ತಾಯಿಯದು. ಆಕೆಯನ್ನು ಎಲ್ಲರೂ ಹಾಗೇ ಕರೆಯುತ್ತಿದ್ದದ್ದು. ಹಿಂದೆ ಎರಡು ಸಣ್ಣ ಬಾಡಿಗೆ ಮನೆಗಳು. ಒಂದರಲ್ಲಿ ನಾವು, ಇನ್ನೊಂದರಲ್ಲಿ ಮೈಸೂರಿನ ಶೈಲಜಾ ಮತ್ತು ಬ್ಯಾಂಕಿನಲ್ಲಿರುವ ಅವರ ಗಂಡ. ನಡುವೆ ಎರಡೂ ಮನೆಗೆ ಸೇರಿದ ಒಂದು ಅಂಗಳ. ಒಣಗಿಸುವ ಹಗ್ಗ ಒಂದೇ, ನಲ್ಲಿ ಒಂದೇ, ಗೋಡೆಯ ಮೇಲಿನ ದೀಪವೂ ಒಂದೇ.

ಅಕ್ಟೋಬರಿನಲ್ಲಿ, ಸೆಖೆ ಸ್ವಲ್ಪ ತಗ್ಗಿದ ಮೇಲೆ, ಶುಕ್ರವಾರದ ಸಂತೆಯಿಂದ ಮೂರು ಎಳೆ ಹೇಂಟೆಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿಸಿಕೊಂಡು ಬಂದೆವು. ನನಗೆ ಅದೊಂದು ಆಸೆ, ಅಷ್ಟೇ. ಗಂಡನ ವೀಸಾದ ಮೇಲೆ ಈ ಅರಬ್ ದೇಶಕ್ಕೆ ಬಂದವಳು ನಾನು. ಇಲ್ಲಿ ನನ್ನದು ಅಂತ ಒಂದು ಜೀವಂತ ಕೆಲಸ ಇರಲಿಲ್ಲ. ಕೆಂಪು ಬಣ್ಣದ್ದಕ್ಕೆ ಅನೀಶಾ ಜಿಂಜರ್ ಎಂದು ಹೆಸರಿಟ್ಟಳು, ಚುಕ್ಕೆಯದ್ದಕ್ಕೆ ಪೆಪ್ಪರ್. ಮೂರನೆಯದು ಮೈಯೆಲ್ಲ ಕಪ್ಪು, ಕುತ್ತಿಗೆಗೆ ಮಾತ್ರ ಬಿಳಿ ಪಟ್ಟಿ. ಅದಕ್ಕೆ ಅವಳು ಸಿಸ್ಟರ್ ಎಂದಳು. ಕಾನ್ವೆಂಟಿನಲ್ಲಿ ಹತ್ತು ವರ್ಷ ಓದಿದ ನನಗೆ ಅದು ಸರಿ ಬರಲಿಲ್ಲ, ಗದರಿದೆ. ಆದರೆ ಅದು ನಡೆಯುವಾಗ ಗಂಭೀರವಾಗಿ ತಲೆ ಮುಂದೆ ಹಾಕಿ, ಯಾರ ಪುಸ್ತಕದಲ್ಲಿ ಏನು ತಪ್ಪಿದೆ ಎಂದು ನೋಡಿಕೊಂಡು ಹೋಗುವ ಹಾಗೆ ಹೋಗುತ್ತಿತ್ತು. ಒಂದು ವಾರದೊಳಗೆ ನಾನೂ ಸಿಸ್ಟರ್ ಎಂದೇ ಕರೆಯತೊಡಗಿದೆ.

ಉಮ್ ಫಹದ್ ಬೈಯುತ್ತಾರೆ ಅಂದುಕೊಂಡಿದ್ದೆ. ಆಕೆ ಬಂದು, ಗೂಡಿನ ಸುತ್ತ ಒಂದು ಸುತ್ತು ಹಾಕಿ, ನಕ್ಕರು. ಅವರ ಮೊಮ್ಮಗ ಏನು ತಿಂದರೂ ಮೈ ಹಿಡಿಯದ ಹುಡುಗ. ಅಂಗಡಿಯ ಮೊಟ್ಟೆಯಲ್ಲಿ ಏನಿದೆ, ಅವನಿಗೆ ಮನೆಯ ಕೋಳಿಯ ಮೊಟ್ಟೆ ಬೇಕು ಅಂದರು. ಅಲ್ಲೇ ಒಪ್ಪಂದವಾಯಿತು. ಅಂಗಳ ಅವರದು, ಕೋಳಿ ನನ್ನದು, ಮೊಟ್ಟೆ ಅರ್ಧ ಅರ್ಧ. ಅವರ ಮನೆಯವರು ಚಳಿಗಾಲದಲ್ಲಿ ಮರುಭೂಮಿಗೆ ಹೋಗಿ ಗುಡಾರ ಹಾಕುತ್ತಾರೆ. ಆ ಸಾಮಾನು ಇಡುತ್ತಿದ್ದದ್ದು ಈ ಅಂಗಳದಲ್ಲೇ. ಗುಡಾರ ವಾಪಸು ಬರುವವರೆಗೆ ಕೋಳಿ ಇರಲಿ, ಮೊಟ್ಟೆ ಇಟ್ಟರೆ ಆಮೇಲೂ ಇರಲಿ, ಬೇರೆ ಮೂಲೆ ಮಾಡಿಕೊಡುತ್ತೇನೆ ಎಂದರು. ಇಡದಿದ್ದರೆ? ಎಂದು ನಾನು ಕೇಳಿದ್ದಕ್ಕೆ ತಮ್ಮ ಕುತ್ತಿಗೆಯ ಮೇಲೆ ಬೆರಳಾಡಿಸಿ ಇನ್ನಷ್ಟು ನಕ್ಕರು. ನಾನೂ ನಕ್ಕೆ. ಎದುರಿನವರು ನಕ್ಕಾಗ ನಗುವುದು ನನಗೆ ಅಭ್ಯಾಸವಾಗಿಬಿಟ್ಟಿದೆ.

ಸಂತೆಯವನು ಇನ್ನೊಂದು ತಿಂಗಳಿಗೆ ಮೊಟ್ಟೆ ಎಂದಿದ್ದ. ನವೆಂಬರ್ ಬಂತು. ತರಕಾರಿಯ ಹಲಗೆ ಪೆಟ್ಟಿಗೆಯನ್ನು ಅಡ್ಡ ಮಲಗಿಸಿ ಗೂಡು ಮಾಡಿದೆ, ಹುಲ್ಲು ಹಾಸಿದೆ, ಮೊಟ್ಟೆಯ ಸಿಪ್ಪೆ ಹುರಿದು ಪುಡಿ ಮಾಡಿ ತೌಡಿಗೆ ಸೇರಿಸಿದೆ. ಮೂರೂ ಚೆನ್ನಾಗಿ ತಿಂದವು, ಚೆನ್ನಾಗಿ ಬೆಳೆದವು. ಸಂಜೆ ಐದಾಗುವ ಮೊದಲೇ ಬೆಳಕು ಹೋಗುತ್ತಿತ್ತು. ಒಂದರ ಪಕ್ಕ ಒಂದು ಕೋಲಿನ ಮೇಲೆ ಕೂತು ಕಣ್ಣು ಮುಚ್ಚುತ್ತಿದ್ದವು. ಉಮ್ ಫಹದ್ ಪ್ರತಿ ಎರಡು ಮೂರು ದಿನಕ್ಕೆ ಹಿಂಬದಿಗೆ ಬಂದು ಕೇಳುತ್ತಿದ್ದರು. ‘ವೇನ್ ಬೇಧ್?’ ಮೊಟ್ಟೆ ಎಲ್ಲಿ ಎಂದು. ನಾನು, ‘ಬುಕ್ರಾ, ಇನ್‌ಶಾ ಅಲ್ಲಾಹ್’ ಎನ್ನುತ್ತಿದ್ದೆ. ನಾಳೆ, ದೇವರು ಬಯಸಿದರೆ. ಗೊತ್ತಿಲ್ಲ ಎಂದು ನೇರವಾಗಿ ಹೇಳುವುದು ಒರಟಾಗುತ್ತದೆ ಅನಿಸುತ್ತಿತ್ತು. ನನ್ನ ಅರಬ್ಬಿಯಲ್ಲಿ ಸರಾಗವಾಗಿ ಬರುತ್ತಿದ್ದ ಶಬ್ದವೂ ಅದೇ.

ಶಿರ್ವದಲ್ಲಿ ಅಣ್ಣನ ಮನೆಯಲ್ಲಿರುವ ಅಮ್ಮನಿಗೆ ಫೋನು ಮಾಡಿದೆ. ಅಮ್ಮ ಕೋಳಿಗಳ ನಡುವೆಯೇ ಬೆಳೆದವಳು. ಬೆಳಿಗ್ಗೆ ಗೂಡಿನಿಂದ ಒಂದೊಂದನ್ನೇ ಎತ್ತಿ, ಹಿಂದಿನಿಂದ ಬೆರಳು ಹಾಕಿ ನೋಡಿಬಿಡುತ್ತಾಳೆ. ಗಟ್ಟಿಯಾಗಿ ತಾಗಿದರೆ ಇವತ್ತು ಇದೆ ಎಂದು ಅದನ್ನು ಬುಟ್ಟಿಯ ಕೆಳಗೆ ಹಾಕುತ್ತಾಳೆ, ಇಲ್ಲದಿದ್ದರೆ ಬಿಟ್ಟುಬಿಡುತ್ತಾಳೆ. ನೀನೂ ಹಾಗೆ ನೋಡು, ಅದಕ್ಕೇನು ಕಾಲೇಜಿಗೆ ಹೋಗಬೇಕಾ ಎಂದಳು. ನನ್ನಿಂದಾಗಲಿಲ್ಲ. ಒಂದು ದಿನ ಸಿಸ್ಟರನ್ನು ಕಂಕುಳಲ್ಲಿ ಇಟ್ಟುಕೊಂಡು, ಪ್ಲಾಸ್ಟಿಕ್ ಕೈಗವಸು ಹಾಕಿಕೊಂಡು, ಬಾಲದ ಗರಿ ಸರಿಸುವವರೆಗೆ ಹೋದೆ. ಅದು ಕತ್ತು ತಿರುಗಿಸಿ ನನ್ನನ್ನು ನೋಡಿತು. ಬಿಟ್ಟುಬಿಟ್ಟೆ. ನಮ್ಮವರು ಅದನ್ನು ಹೇಳಿ ಹೇಳಿ ವಾರವಿಡೀ ನಕ್ಕರು.

ಕ್ರಿಸ್ಮಸ್ಸಿಗೆ ಮನೆಯ ಮೊಟ್ಟೆಯ ಕೇಕು ಕೊಡುತ್ತೇನೆ ಎಂದು ಪ್ರಾರ್ಥನಾ ಗುಂಪಿನವರಿಗೆಲ್ಲ ಮುಂಚೆಯೇ ಹೇಳಿ ಕೂತಿದ್ದೆ. ಕೊನೆಗೆ ಅಂಗಡಿಯಿಂದ ಟ್ರೇ ತಂದೆ. ಒಂದೊಂದು ಮೊಟ್ಟೆ ಒಡೆಯುವಾಗಲೂ ಅದರ ಮೇಲೆ ನೀಲಿ ಶಾಯಿಯ ತಾರೀಕು. ಕೇಕು ತಿಂದವರು, ಅದಕ್ಕೇ ನೋಡಿ ಇಷ್ಟು ರುಚಿ ಎಂದು ನನ್ನ ಕೋಳಿಗಳನ್ನು ಹೊಗಳಿದರು. ಅಲ್ಲ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಇನ್ಯಾರದೋ ಮನೆಯ ಕುಲ್‌ಕುಲ್ ಎಂಬ ಕ್ರಿಸ್ಮಸ್ ತಿಂಡಿಯ ಸುದ್ದಿಗೆ ಹೋಗಿದ್ದರು.

ಕಾರಣ ಹುಡುಕಿ ಕೊಟ್ಟವಳು ಅನೀಶಾ. ಕ್ರಿಸ್ಮಸ್ ರಜೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಓದಿ ಹೇಳಿದಳು. ಕೋಳಿಗೆ ಮೊಟ್ಟೆಯ ಹೊತ್ತು ಗೊತ್ತಾಗುವುದು ಬೆಳಕಿನಿಂದಂತೆ. ಹಗಲು ಹದಿನಾಲ್ಕು ಗಂಟೆಯಷ್ಟು ಉದ್ದ ಇದ್ದರೆ ಮೈ ತಯಾರಾಗುತ್ತದೆ. ಚಳಿಗಾಲದ ಗಿಡ್ಡ ಹಗಲಿಗೆ ಪ್ರಾಯ ಬಂದ ಹೇಂಟೆ ಸುಮ್ಮನೆ ತಡೆದು ಕೂರುತ್ತದೆ. ನಮ್ಮದಕ್ಕೆ ಪ್ರಾಯ ಬಂದದ್ದೇ ಹಗಲು ಕುಗ್ಗುವ ಹೊತ್ತಿಗೆ. ಊರಲ್ಲಿ ಡಿಸೆಂಬರಿಗೂ ಜೂನಿಗೂ ಹಗಲಿನಲ್ಲಿ ಅಂಥ ವ್ಯತ್ಯಾಸವಿಲ್ಲ. ಹಾಗಾಗಿ ಅಮ್ಮನಿಗೆ ಇದು ಗೊತ್ತಿರಲಿಲ್ಲ, ನನಗೂ ಹೊಳೆಯಲಿಲ್ಲ. ‘ದೇ ಆರ್ ನಾಟ್ ಲೇಝಿ, ಮಮ್ಮಾ,’ ಎಂದಳು ಅನೀಶಾ. ‘ದೇ ಥಿಂಕ್ ಇಟ್ಸ್ ನಾಟ್ ಟೈಮ್.’

ಪರಿಹಾರ ಸುಲಭವಿತ್ತು. ಅಂಗಳದ ಗೋಡೆಯ ದೀಪ ಗೂಡಿನ ನೇರ ಮೇಲೆ ಇತ್ತು. ಸಂಜೆ ಕತ್ತಲಾಗುವ ಮೊದಲು ಅದನ್ನು ಹಾಕಿ, ನಾವು ಮಲಗುವ ಹೊತ್ತಿಗೆ ಆರಿಸುವುದು. ಆ ದಿನದಿಂದಲೇ ಶುರುಮಾಡಿದೆ. ದೀಪ ಹಾಕಿ, ಒಳಗೆ ಬಂದು ಪರದೆ ಎಳೆದರೆ ಜಪಸರ, ಅನೀಶಾಳ ಹೋಮ್‌ವರ್ಕು, ಅಡುಗೆ. ಎಷ್ಟೋ ದಿನ ಮಲಗುವಾಗ ನೋಡಿದರೆ ದೀಪ ಆರಿರುತ್ತಿತ್ತು. ನಮ್ಮವರು ಆರಿಸಿದರು ಎಂದು ನಾನು, ನಾನು ಆರಿಸಿದೆ ಎಂದು ಅವರು. ಕೇಳಬೇಕು ಅಂತಲೇ ಇಬ್ಬರಿಗೂ ಅನಿಸಲಿಲ್ಲ. ಜನವರಿ ಹೀಗೆ ಸರಿಯುತ್ತಾ ಬಂತು. ಗೂಡಿನಲ್ಲಿ ಅದೇ ಪ್ಲಾಸ್ಟಿಕ್ ಮೊಟ್ಟೆ. ಉಮ್ ಫಹದ್ ಈಗ ಕೇಳುವಾಗ ನಗುತ್ತಿರಲಿಲ್ಲ. ನಾನು ಮಾತ್ರ ಅದೇ ನಗುವಿನಲ್ಲಿ ಬುಕ್ರಾ ಎನ್ನುತ್ತಿದ್ದೆ.

ಜನವರಿಯ ಕೊನೆಯಲ್ಲಿ ಒಂದು ಸಂಜೆ ಕಸದ ಚೀಲ ಹೊರಗಿಡಲು ಹಿಂಬಾಗಿಲು ತೆರೆದೆ. ಶೈಲಜಾ ವಾಕಿಂಗ್ ಮುಗಿಸಿ ಬಂದು, ಶೂ ಬಿಚ್ಚುವ ಮೊದಲೇ, ಸ್ವಿಚ್ಚಿಗೆ ಕೈ ಹಾಕಿದ್ದರು. ಅಂಗಳ ಕತ್ತಲಾಯಿತು. ಏಳು ಗಂಟೆಯೂ ಆಗಿರಲಿಲ್ಲ.

‘ನೀವು ದಿನಾ ಮರ್ತುಬಿಡ್ತೀರಲ್ಲ ರೀ,’ ಎಂದರು ಪ್ರೀತಿಯಿಂದಲೇ. ‘ನಾನೇ ಆರಿಸ್ತೀನಿ ಬಿಡಿ. ಪಾಪ ಕೋಳಿಗಳು, ಮುಖಕ್ಕೇ ಲೈಟು ಹೊಡೀತಿದ್ರೆ ಯಾರಿಗ್ ತಾನೇ ನಿದ್ದೆ ಬರುತ್ತೆ?’

ದಿನಾ ಎಂದರು. ಅಂದರೆ ಒಂದು ತಿಂಗಳಿಗೂ ಮೇಲೆ.

ಶೈಲಜಾ ಕೆಟ್ಟವರಲ್ಲ. ಅದೇ ಕಷ್ಟ. ಮನೆಯಲ್ಲಿ ಮೊಟ್ಟೆ ಮುಟ್ಟದವರಾದರೂ ನನ್ನ ಕೋಳಿಗಳಿಗೆ ಸೌತೆಕಾಯಿಯ ಸಿಪ್ಪೆ ತಂದು ಹಾಕುತ್ತಿದ್ದರು. ಅನೀಶಾಳನ್ನು ಕೂರಿಸಿಕೊಂಡು ಕನ್ನಡದಲ್ಲಿ ಕಥೆ ಹೇಳುತ್ತಿದ್ದರು. ಅವಳು ಒಂದು ಶಬ್ದವೂ ಬಿಡದೆ ಕೇಳಿ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುತ್ತಿದ್ದಳು. ಉರಿಯುವ ದೀಪ ಕಂಡರೆ ಆರಿಸದೆ ಮುಂದೆ ಹೋಗಲಾಗದ ಮನೆಯಲ್ಲಿ ಬೆಳೆದವರು ಅವರು, ನನ್ನ ಹಾಗೆಯೇ. ಇಲ್ಲಿ ಕರೆಂಟು ಮಾಲೀಕರ ಲೆಕ್ಕದ್ದು ಎಂದು ಗೊತ್ತಿದ್ದರೂ ಕೈ ಕೇಳುವುದಿಲ್ಲ. ನಾನು ನಿಧಾನವಾಗಿ ಹದಿನಾಲ್ಕು ಗಂಟೆಯ ವಿಷಯ ಹೇಳಿದೆ. ಅವರು ಗಲ್ಲಕ್ಕೆ ಕೈಯಿಟ್ಟು ಕೇಳಿ, ಆಮೇಲೆ ಜೋರಾಗಿ ನಕ್ಕರು. ‘ಹಂಗಾದ್ರೆ ಇಪ್ಪತ್ ವರ್ಷದಿಂದ ಬ್ಯಾಂಕಲ್ಲಿ ಟ್ಯೂಬ್‌ಲೈಟ್ ಕೆಳಗೆ ಕೂತಿದಾರಲ್ಲ ನಮ್ಮನೆಯವ್ರು, ಅವ್ರು ಎಷ್ಟ್ ಇಡ್ಬೇಕಿತ್ತು ಹೇಳಿ.’

‘ಪರವಾಗಿಲ್ಲ, ಇನ್ನು ಮೇಲೆ ಆರಿಸ್ಬೇಡಿ ಆಯ್ತಾ,’ ಎಂದೆ. ಪರವಾಗಿಲ್ಲ ಎಂದೆ ನಾನು. ಒಳಗೆ ಬಂದು ಅಕ್ಕಿ ತೊಳೆಯಲು ಕೂತವಳು ಅದೇ ಅಕ್ಕಿಯನ್ನು ಎಷ್ಟು ಸಲ ತೊಳೆದೆನೋ. ಮಾತನ್ನು ಮೆಲ್ಲಗೆ ಆಡಬೇಕೆಂದು ಶಾಲೆಯಲ್ಲಿ ಕಲಿಸಿದ್ದರು. ಮೆಲ್ಲಗೆ ಆಡುತ್ತಾ ಆಡುತ್ತಾ ಎಷ್ಟೋ ಮಾತು ಆಡದೇ ಉಳಿಯುತ್ತದೆ.

ಆದರೆ ಶೈಲಜಾ ಮಾತಿಗೆ ತಪ್ಪಲಿಲ್ಲ. ಅಂದಿನಿಂದ ದೀಪ ಮಲಗುವವರೆಗೂ ಉರಿಯಿತು. ಮೊದಲ ಎರಡು ವಾರ ಏನೂ ಆಗಲಿಲ್ಲ. ಆಮೇಲೆ ಸಿಸ್ಟರಿನ ಜುಟ್ಟಿನ ಬಣ್ಣ ತಿರುಗಿತು. ಮಾಸಲು ಗುಲಾಬಿಯಾಗಿದ್ದದ್ದು ದಪ್ಪಗಾಗಿ, ತೊಂಡೆಹಣ್ಣಿನ ಕೆಂಪಿಗೆ ಬಂತು. ಒಂದು ದಿನ ಬೆನ್ನ ಮೇಲೆ ಕೈಯಿಟ್ಟಾಗ ಓಡುವ ಬದಲು ರೆಕ್ಕೆ ಸಡಿಲ ಬಿಟ್ಟು ನೆಲಕ್ಕೆ ಕುಸಿದು ಕೂತುಬಿಟ್ಟಿತು. ಹೆದರಿ ಅಮ್ಮನಿಗೆ ಫೋನು ಮಾಡಿದೆ. ಅಮ್ಮ ನಕ್ಕಳು. ಹಾಗೆ ಕೂತರೆ ಆಯಿತು, ಇನ್ನೇನು ದಿನದ ಲೆಕ್ಕ ಎಂದಳು.

ದಿನದ ಲೆಕ್ಕವೇ ನಮ್ಮಲ್ಲಿ ಇರಲಿಲ್ಲ. ರಂಜಾನ್ ತಿಂಗಳು ವರ್ಷ ವರ್ಷವೂ ಹಿಂದೆ ಹಿಂದೆ ಬರುತ್ತದೆ. ಆ ವರ್ಷ ಫೆಬ್ರವರಿ ಮುಗಿಯುತ್ತಲೇ ಉಪವಾಸ ಶುರು. ಮಾರ್ಚಿನ ನಡುವಿನವರೆಗೂ ಮರುಭೂಮಿಯಲ್ಲಿ ಇರಬೇಕಾಗಿದ್ದ ಗುಡಾರಗಳನ್ನು ಫಹದ್ ಅದಕ್ಕೂ ಮೊದಲೇ ಕಿತ್ತ. ಕಂಬಳಿ, ಕಂಬ, ಒಲೆಗಳನ್ನು ತುಂಬಿದ ಪಿಕಪ್ ಬರುವ ದಿನ ಉಮ್ ಫಹದ್ ಮನೆಯಲ್ಲಿ ಉಪವಾಸಕ್ಕೆ ಮುಂಚಿನ ಕೊನೆಯ ಊಟ, ಮನೆ ತುಂಬ ನೆಂಟರು. ಕೋಳಿಗಳನ್ನು ಬೇರೆ ಎಲ್ಲಾದರೂ ಇಡಿಸಿ ಎಂದು ನಮ್ಮವರಿಗೆ ಹೇಳಿದೆ. ಅವರು ಒಬ್ಬಿಬ್ಬರನ್ನು ಕೇಳಿ ನೋಡಿದರು. ಫ್ಲಾಟಿನಲ್ಲಿರುವವರು ಎಲ್ಲಿ ಇಟ್ಟುಕೊಳ್ಳುತ್ತಾರೆ? ಅವರ ಮನೆ, ಅವರ ಅಂಗಳ, ಇದಕ್ಕೆ ತಲೆ ಕೆಡಿಸಿಕೊಳ್ಳಬೇಡ, ಬಿಡು ಎಂದರು. ಬಿಡು ಎಂಬ ಆ ಶಬ್ದವನ್ನು ಮದುವೆಯಾದಾಗಿನಿಂದ ಕೇಳುತ್ತಿದ್ದೇನೆ.

ನಾನು ಮೊದಲು ಹೇಳಿದ ಆ ದಿನ ಅದೇ. ತೌಡು ಹಾಕಿದರೂ ಸಿಸ್ಟರ್ ತಿನ್ನಲು ಬರಲಿಲ್ಲ. ಗೂಡಿನೊಳಗೆ ಹೋಯಿತು, ಹುಲ್ಲು ಕೆದರಿತು, ಹೊರಗೆ ಬಂತು, ಮತ್ತೆ ಹೋಯಿತು. ಗಂಟಲಿನಲ್ಲಿ ಉದ್ದಕ್ಕೆ ಎಳೆದು ಒಂದು ಸ್ವರ ತೆಗೆಯುತ್ತಿತ್ತು. ಅಷ್ಟು ತಿಂಗಳಲ್ಲಿ ನಾನು ಕೇಳದ ಸ್ವರ. ಅನೀಶಾ ಶಾಲೆಯ ಬ್ಯಾಗು ಹಾಕಿಕೊಂಡೇ ಬಗ್ಗಿ ನೋಡಿ, ಈಸ್ ಇಟ್ ಟುಡೇ ಎಂದು ಕೇಳಿದಳು. ಇರಬಹುದು ಎಂದೆ. ಅವಳ ವ್ಯಾನು ಹೋದ ಮೇಲೆ ನಾನು ಅಲ್ಲೇ ಸ್ಟೂಲು ಹಾಕಿ ಕೂತೆ. ಬಿಸಿಲು ಗೋಡೆ ಇಳಿದು ಗೂಡಿನವರೆಗೆ ಬಂತು.

ಹತ್ತರ ಹೊತ್ತಿಗೆ ಪಿಕಪ್ಪಿನ ಸದ್ದಾಯಿತು. ಉಮ್ ಫಹದ್ ಅಡುಗೆಯ ಹೆಂಗಸಿನೊಡನೆ ಹಿಂಬದಿಗೆ ಬಂದರು. ಆಕೆಯ ಕೈಯಲ್ಲಿ ಗೋಣಿಚೀಲವಿತ್ತು. ನಾನು ಎದ್ದು ಗೂಡಿಗೆ ಅಡ್ಡ ನಿಂತೆ. ನನ್ನ ಮಟ್ಟಿಗೆ ಅದು ದೊಡ್ಡದೇ. ಜುಟ್ಟು ತೋರಿಸಿದೆ, ಗೂಡಿನೊಳಗೆ ಕೂತಿದ್ದ ಸಿಸ್ಟರನ್ನು ತೋರಿಸಿದೆ, ಅರಬ್ಬಿಗೆ ಇಂಗ್ಲಿಷು ಸೇರಿಸಿ, ಹಿಂದಿ ಸೇರಿಸಿ, ಇವತ್ತು ಇಡುತ್ತದೆ, ಹೆಚ್ಚೆಂದರೆ ನಾಳೆ ಎಂದೆ. ನಾಳೆ ಎಂಬುದಕ್ಕೆ ನನ್ನಲ್ಲಿದ್ದದ್ದು ಆ ಒಂದೇ ಶಬ್ದ. ಬುಕ್ರಾ ಎಂದು ಬಾಯಿಯಿಂದ ಬಿದ್ದ ಕೂಡಲೇ ಅಡುಗೆಯ ಹೆಂಗಸು ಮುಖ ತಿರುಗಿಸಿ ನಕ್ಕಳು.

ಉಮ್ ಫಹದ್ ನಗಲಿಲ್ಲ. ನನ್ನ ಕೆನ್ನೆಯನ್ನು ಮಗುವಿನದನ್ನು ತಟ್ಟುವ ಹಾಗೆ ತಟ್ಟಿದರು. ‘ನವೆಂಬರಿನಿಂದ ನೀನು ಬುಕ್ರಾ ಅನ್ನುತ್ತಿದ್ದೀ, ಹಬೀಬ್ತಿ,’ ಎಂದರು. ‘ನನ್ನ ಮೊಮ್ಮಗನಿಗೂ ಅದನ್ನೇ ಹೇಳಿಕೊಂಡು ಬಂದೆ. ಖಲಾಸ್.’

ಮಾತಿನಲ್ಲಿ ತಪ್ಪೇನಿದೆ? ಅಷ್ಟೂ ಸಲ ನಾನು ಹೇಳಿದ್ದು ಸೌಜನ್ಯಕ್ಕೆ, ಈ ಸಲ ಹೇಳಿದ್ದು ನಿಜ. ಎರಡಕ್ಕೂ ಸ್ವರ ಒಂದೇ ಇತ್ತು. ಗೂಡಿನಲ್ಲಿದ್ದ ಕೋಳಿಯನ್ನು ಹೊರಗೆ ತೆಗೆಯುವಾಗಲೂ ನಾನು ಕೂಗಲಿಲ್ಲ. ಜಿಂಜರ್, ಪೆಪ್ಪರ್ ಎರಡೂ ರೆಕ್ಕೆ ಬಡಿದು ರಂಪ ಮಾಡಿದವು. ಸಿಸ್ಟರ್ ಒಂದು ಮಾತ್ರ ಹೊಟ್ಟೆಯನ್ನು ನೆಲಕ್ಕೊತ್ತಿಕೊಂಡು, ಎತ್ತುವಾಗಲೂ ಅದೇ ಭಂಗಿಯಲ್ಲಿ ಗಟ್ಟಿಯಾಗಿ ಕೂತಿತ್ತು. ಮಧ್ಯಾಹ್ನದೊಳಗೆ ಗೂಡಿನ ಜಾಗದಲ್ಲಿ ಗುಡಾರದ ಕಂಬಗಳು ಬಂದು ಬಿದ್ದವು. ನಾನು ಹುಲ್ಲು ಗುಡಿಸಿ, ಗೋಡೆಯ ಬದಿ ತೊಳೆದು, ತೌಡಿನ ಬಾಲ್ದಿಯನ್ನು ಬೋರಲು ಹಾಕಿದೆ. ಒಂದು ಗಟ್ಟಿ ಮಾತು ಬೇಕಿತ್ತು, ಅರಬ್ಬಿಯಲ್ಲಾಗಲಿ ಕೊಂಕಣಿಯಲ್ಲಾಗಲಿ. ಬಾಲ್ದಿ ತಿಕ್ಕುತ್ತಾ ಕೂತಾಗ ಅಂಥವು ಎಷ್ಟೋ ಹೊಳೆದವು.

ಅನೀಶಾ ಶಾಲೆಯಿಂದ ಬಂದವಳು ನೇರ ಹಿಂಬಾಗಿಲಿಗೆ ಓಡಿದಳು. ಕಂಬಗಳನ್ನು ನೋಡಿ ನನ್ನ ಕಡೆ ತಿರುಗಿದಳು. ಉಮ್ ಫಹದ್‌ಗೆ ವಫ್ರಾದಲ್ಲಿ ತೋಟವಿದೆ, ಅಲ್ಲಿಗೆ ಕಳಿಸಿದ್ದಾರೆ, ಅಲ್ಲಿ ಮಣ್ಣಿದೆ, ಬಿಸಿಲಿದೆ ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಕೊನೆಗೆ ಕೇಳಿದ್ದು ಒಂದೇ, ಅಲ್ಲಿ ದೀಪ ಯಾರು ಹಾಕುತ್ತಾರೆ ಅಂತ. ತೋಟದಲ್ಲಿ ಬೆಳಕಿಗೆ ಬರವಿಲ್ಲ ಎಂದೆ. ನಂಬಿದಳು. ನಾನು ಸುಳ್ಳು ಹೇಳುವವಳಲ್ಲ ಎಂದು ಅವಳಿಗೆ ಗೊತ್ತಿತ್ತು.

ಮೂರರ ಹೊತ್ತಿಗೆ ಮುಂದಿನ ಮನೆಯಿಂದ ಮುಚ್ಚಿದ ತಟ್ಟೆ ಬಂತು. ದೊಡ್ಡ ಅಕ್ಕಿಯ ಅನ್ನ, ಒಣದ್ರಾಕ್ಷಿ, ಮೇಲೆ ಹುರಿದ ಈರುಳ್ಳಿ. ಅದರಡಿ ಏನಿದೆ ಎಂದು ನಾನು ಕೆದಕಲಿಲ್ಲ. ಮೇಲೊಂದು ತಟ್ಟೆ ಮುಚ್ಚಿ ಫ್ರಿಜ್ಜಿನ ಹಿಂಬದಿಗೆ ತಳ್ಳಿದೆ.

ಸಂಜೆ ಒಣಗಿದ ಬಟ್ಟೆ ತೆಗೆಯಲು ಅಂಗಳಕ್ಕೆ ಇಳಿದೆ. ಆರಕ್ಕೆ ಹತ್ತಿರವಾದರೂ ಇನ್ನೂ ಬೆಳಕಿತ್ತು. ಹಗಲು ಅಷ್ಟರಲ್ಲಿ ಎಷ್ಟು ಬೆಳೆದಿತ್ತು ಎಂದು ಆಗ ಗಮನಿಸಿದೆ. ಅನೀಶಾ ಪಕ್ಕದಲ್ಲಿ ನಿಂತು ಕ್ಲಿಪ್ಪುಗಳನ್ನು ಒಂದೊಂದಾಗಿ ಬುಟ್ಟಿಗೆ ಹಾಕುತ್ತಿದ್ದಳು, ಇನ್ನು ಯಾವ ಶುಕ್ರವಾರ ವಫ್ರಾಕ್ಕೆ ಹೋಗುವುದು ಎಂದು ಕೇಳುತ್ತಾ. ಶೈಲಜಾ ಹಗ್ಗದ ಆ ತುದಿಯಿಂದ ಸೀರೆ ಎಳೆದುಕೊಳ್ಳುತ್ತಾ, ಮಡಿಕೆಗೆ ಮಡಿಕೆ ಸೇರಿಸುವುದರಲ್ಲೇ ಕಣ್ಣಿಟ್ಟು ಹೇಳಿದರು.

‘ಮುಂದಿನ್ಮನೆ ಅಡುಗೆಯವ್ಳು ಸಿಕ್ಕಿದ್ಳು ರೀ. ನಿಮ್ ಕರಿ ಕೋಳಿ ಕುಯ್ದಾಗ ಹೊಟ್ಟೇಲಿ ಮೊಟ್ಟೆ ಇತ್ತಂತೆ, ಗಟ್ಟಿ ಚಿಪ್ಪು ಕಟ್ಟಿದ್ದು. ಇನ್ನೊಂದ್ ಗಂಟೆ ಬಿಟ್ಟಿದ್ರೆ ಅದೇ ಇಡ್ತಿತ್ತಂತೆ.’